ಮಳೆ ಕೈಕೊಟ್ಟಾಗ ಕಾಯಿಪಲ್ಲೆಗೆ ಗಡಿಗೆ ನೀರು

ಹಿತ್ತಲದ ಹೀರೆ, ಸೌತೆ, ಬದನೆ ಬಾಡ್ತಿದ್ರೆ ಮೇಲಿಂದ ನೀರು ಸುರಿಯೋದು ಬಿಡ್ರಿ. ಬಣ್ಣ ಹಚ್ಚದ ಮಣ್ಣಿನ ಗಡಿಗೆಯನ್ನ ಕುತ್ತಿಗೆ ಮಟ್ಟ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳ ಹಾಕ್ರಿ. ಸುತ್ತ ಗೇಣು ದೂರದಾಗ ಮೂರ್ನಾಕು ಸಸಿ ನೆಡ್ರಿ. ಮಣ್ಣು ಒಣಗಿದಾಗ ಅದೇ ಗಡಿಗೆಯಿಂದ ನೀರು ಎಳಕೊಳ್ತದ, ಹಸಿ ಇದ್ದಾಗ ಜಿನುಗೋದು ತಾನೇ ಕಡಿಮೆ ಆಗ್ತದ. ನೀರು ನೇರ ಬೇರಿಗೆ ಹೋಗೋದ್ರಿಂದ ನಮ್ಮ ಕೊಪ್ಪಳ, ರಾಯಚೂರಿನ ಬಿಸಿಲಿಗೆ ಆರಿ ಹೋಗೋದು ಬಹಳ ಕಡಿಮೆ. ಮೇಲ್ಮಣ್ಣು ಒಣಗೇ ಇರ್ತದ, ಹಂಗಾಗಿ ಕಸಾನೂ ಅಷ್ಟು ಏಳಲ್ಲ. ಕೊಳ್ಳೋ ಮುಂದ ನೀರು ತುಂಬಿಟ್ಟು ನೋಡ್ರಿ: ಸ್ವಲ್ಪ ಹೊತ್ತಿಗೆ ಹೊರಮೈ ಕಪ್ಪಾಗಿ ಬೆವರಬೇಕು. ಬೆವರದಿದ್ರೆ ಅದು ಈ ಕೆಲಸಕ್ಕೆ ಬರಲ್ಲ, ಎಷ್ಟು ಚಂದ ಇದ್ರೂ ತರಬ್ಯಾಡ್ರಿ. ಸಸಿ ಬೇರು ಬಿಡೋತನಕ ಬುಡಕ್ಕೊಂದಿಷ್ಟು ನೀರು ಕೈಲೇ ಹಾಕಬೇಕು. ಸುತ್ತ ಶೇಂಗಾ ಹೊಟ್ಟು ಹರವಿದ್ರೆ ಇನ್ನೂ ಚಲೋ. ಕೊತ್ತಂಬರಿ, ಮೆಂತ್ಯೆಯಂತಾ ಒತ್ತಾಗಿ ಚೆಲ್ಲೋ ಸೊಪ್ಪಿಗೆ ಇದು ಸಾಲಲ್ಲ, ಬೀಜ ಮೊಳಿಲಿಕ್ಕೆ ಮೇಲ್ಮಣ್ಣೇ ಹಸಿ ಬೇಕು. ಎರೆ ಮಣ್ಣು ಬಿರುಕು ಬಿಟ್ಟಾಗ ಗಡಿಗೆ ಸೀಳೋ ಭಯ ಅದ; ಅಲ್ಲಿ ಕುಣಿ ದೊಡ್ಡದು ತೋಡಿ ಸುತ್ತ ಮಸಾರಿ ಮಣ್ಣು, ತಿಪ್ಪೆಗೊಬ್ಬರ ಕಲಿಸಿ ತುಂಬ್ರಿ. ಬೋರಿನ ನೀರು ಉಪ್ಪಾಗಿದ್ರೆ ಗಡಿಗೆಯ ಸಣ್ಣ ರಂಧ್ರ ಕಟ್ಟಿಕೊಂಡು ಜಿನುಗೋದು ನಿಲ್ತದ. ಕುತ್ತಿಗೆ ಸುತ್ತ ಬಿಳಿ ಪುಡಿ ಕಂಡು, ಗಿಡ ಬಾಡಿದ್ರೂ ಒಳಗಿನ ನೀರು ಇಳಿದಿಲ್ಲಂದ್ರ ಕಿತ್ತು ತೆಂಗಿನ ನಾರಿನಿಂದ ಉಜ್ಜಿ ನೋಡ್ರಿ, ಆಗಲೂ ಬೆವರದಿದ್ರೆ ಹೊಸಾದು ಹೂಳ್ರಿ.