ಕೊಂಡದ್ದರ ಲೆಕ್ಕ, ನೆಮ್ಮದಿಯ ಲೆಕ್ಕ

ವಸ್ತುಗಳಿಂದ ನೆಮ್ಮದಿ ಸಿಗುತ್ತದೆಯೇ ಎಂದು ಕೇಳಿದರೆ ‘ಇಲ್ಲವೇ ಇಲ್ಲ’ ಎಂದು ಥಟ್ಟನೆ ಉತ್ತರಿಸುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಬೇಕಾದದ್ದೆಲ್ಲ ಈಗಾಗಲೇ ಇರುತ್ತದೆ. ಸೋರುವ ಸೂರಿನ ಕೆಳಗೆ ಮಲಗುವವನಿಗೆ, ಸೂರು ಗಟ್ಟಿಯಾದ ರಾತ್ರಿ ಬರುವ ನಿದ್ದೆಯನ್ನು ಯಾವ ವೇದಾಂತವೂ ತಂದುಕೊಡಲಾರದು. ಆದ್ದರಿಂದ ಉತ್ತರವನ್ನು ಉಪದೇಶಗಳಲ್ಲಿ ಹುಡುಕುವ ಬದಲು ಒಂದು ನೋಟುಪುಸ್ತಕದಲ್ಲಿ ಹುಡುಕಲು ಹೊರಟೆ. ಕೆಲವು ವರ್ಷಗಳಿಂದ ಬರೆಯುತ್ತಾ ಬಂದಿದ್ದೇನೆ.

ಕ್ರಮ ಬಹಳ ಸರಳ. ದಿನಬಳಕೆಯ ಸಾಮಾನು ಬಿಟ್ಟು ಬೇರೆ ಏನನ್ನಾದರೂ ಕೊಳ್ಳಬೇಕೆನಿಸಿದರೆ ಅದಕ್ಕೊಂದು ಪುಟ. ಎಡಭಾಗದಲ್ಲಿ, ಇದು ಬಂದರೆ ನನ್ನ ಯಾವ ತೊಂದರೆ ತೀರುತ್ತದೆ ಎಂದು ಒಂದೇ ವಾಕ್ಯದಲ್ಲಿ ಬರೆಯಬೇಕು. ‘ಇದ್ದರೆ ಚೆನ್ನಾಗಿರುತ್ತದೆ’ ಎಂಬ ವಾಕ್ಯಕ್ಕೆ ಅಲ್ಲಿ ಜಾಗವಿಲ್ಲ. ಬಲಭಾಗ ಖಾಲಿ. ಕೊಂಡು ಆರು ತಿಂಗಳಾದ ಮೇಲೆ ಅದನ್ನು ತುಂಬುತ್ತೇನೆ: ವಸ್ತು ಬಳಕೆಯಲ್ಲಿದೆಯೇ, ಅದಕ್ಕಾಗಿ ಎಷ್ಟು ಉಸಾಬರಿ ಪಟ್ಟೆ, ಅದು ಹಾಳಾದೀತೆಂಬ ಅಳುಕು ಇದೆಯೇ, ಕಂತು ಇನ್ನೂ ಎಷ್ಟು ಬಾಕಿ.

ಎರಡು ಪುಟಗಳನ್ನು ಇಲ್ಲಿ ತೆರೆದು ತೋರಿಸುತ್ತೇನೆ. ಒಂದು ಹಾಸಿಗೆಯದ್ದು. ಎಡಗಡೆ: ‘ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ.’ ಬಲಗಡೆ: ‘ನೋವಿಲ್ಲ. ಹಾಸಿಗೆಯ ನೆನಪೇ ಆಗುವುದಿಲ್ಲ, ಈ ಪುಟ ನೋಡಿದಾಗ ಆಯಿತು.’ ಇನ್ನೊಂದು, ಗಾಜಿನ ಬೀರುವಿನಲ್ಲಿ ಇಟ್ಟಿರುವ ಪಿಂಗಾಣಿ ಸೆಟ್ಟಿನದ್ದು. ಎಡಗಡೆ: ‘ಬಂದವರ ಮುಂದೆ ಹಳೆಯ ತಟ್ಟೆ ಇಡಲು ಮುಜುಗರ.’ ಬಲಗಡೆ: ‘ಯಾರೂ ಗಮನಿಸಲಿಲ್ಲ. ತೊಳೆಯಲು ಬೇರೆಯವರ ಕೈಗೆ ಕೊಡುವಂತಿಲ್ಲ. ಮಕ್ಕಳು ಬೀರುವಿನ ಹತ್ತಿರ ಓಡಿದರೆ ಎದೆ ಧಸಕ್ಕೆನ್ನುತ್ತದೆ.’

ಹಾಸಿಗೆ, ಬಟ್ಟೆ ಒಗೆಯುವ ಯಂತ್ರ, ಓದುವ ಮೇಜಿನ ದೀಪ, ಒಳ್ಳೆಯ ಚಪ್ಪಲಿ, ಇವುಗಳ ಬಲಭಾಗವೆಲ್ಲ ಹೆಚ್ಚುಕಡಿಮೆ ಒಂದೇ ತೆರನಾಗಿವೆ: ಎರಡು ಸಾಲು, ದೂರಿಲ್ಲ. ಇವು ಖುಷಿ ಕೊಟ್ಟವು ಎನ್ನಲಾರೆ. ಇವು ದಿನನಿತ್ಯದ ಒಂದೊಂದು ಕಿರಿಕಿರಿಯನ್ನು ಕಿತ್ತುಹಾಕಿ ತಾವೂ ಮರೆಯಾದವು. ಬೇರೆಯವರ ಕಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಂಡ ವಸ್ತುಗಳ ಬಲಭಾಗ ಮಾತ್ರ ಪುಟ ಮೀರಿ ಹರಿದಿದೆ. ಅವು ಇದ್ದಷ್ಟು ದಿನವೂ ನನ್ನ ಗಮನವನ್ನು ಕೇಳುತ್ತಲೇ ಇದ್ದವು. ಒಂದು ವಸ್ತು ನೆಮ್ಮದಿ ಕೊಟ್ಟಿದೆಯೇ ಎಂಬುದನ್ನು ನಾನೀಗ ಅಳೆಯುವುದು ಅದನ್ನು ಎಷ್ಟು ಮರೆತಿದ್ದೇನೆ ಎಂಬುದರಿಂದ.

ಹೊಸದರ ಸೊಗಸು ಬೇಗ ಮಾಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಮನೋವಿಜ್ಞಾನಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೊಡ್ಡ ಲಾಟರಿ ಗೆದ್ದ 22 ಮಂದಿಯನ್ನು ಮಾತನಾಡಿಸಿದ್ದರು. ಗೆಲ್ಲದವರಿಗಿಂತ ಅವರು ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳೇನೂ ಆಗಿರಲಿಲ್ಲ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ: ಸ್ನೇಹಿತನೊಡನೆ ಹರಟುವುದು, ಒಂದು ನಗೆಹನಿ ಕೇಳುವುದು ಮುಂತಾದ ಚಿಕ್ಕಪುಟ್ಟ ಸಂತೋಷಗಳು ಗೆದ್ದವರಿಗೆ ಸಪ್ಪೆಯಾಗಿದ್ದವು. ಇಪ್ಪತ್ತೆರಡು ಮಂದಿಯ ಮಾತನ್ನು ಜಗತ್ತಿನ ನಿಯಮವೆಂದು ಹಿಡಿಯಬಾರದು, ನಿಜ. ಆದರೆ ದುಬಾರಿ ಧ್ವನಿವರ್ಧಕ ತಂದ ಮೇಲೆ ನನ್ನ ಹಳೆಯ ರೇಡಿಯೊದ ಹಾಡು ನನಗೇ ಬೇಡವಾದ ಕಥೆ ನನ್ನ ಪುಸ್ತಕದಲ್ಲೂ ಇದೆ.

ಹಾಗೆಂದು ಹಣ ಲೆಕ್ಕಕ್ಕಿಲ್ಲ ಎಂದು ಹೇಳಲಾಗದು. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ 2010ರಲ್ಲಿ, ಅಮೆರಿಕದಲ್ಲಿ ವಾರ್ಷಿಕ ಆದಾಯ ಸುಮಾರು 75,000 ಡಾಲರ್ ದಾಟಿದ ಮೇಲೆ ದಿನನಿತ್ಯದ ಸಂತೋಷ ಏರುವುದಿಲ್ಲ ಎಂದಿದ್ದರು. ಆ ಅಂಕಿಯನ್ನು ಭಾಷಣಕಾರರು ಇಂದಿಗೂ ಬಿಟ್ಟಿಲ್ಲ. ಆದರೆ 2023ರಲ್ಲಿ ಕಾನೆಮನ್ ಅವರೇ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಬಾರ್ಬರಾ ಮೆಲ್ಲರ್ಸ್ ಜೊತೆ ಸೇರಿ ಅದನ್ನು ತಿದ್ದಿದರು: ಹೆಚ್ಚಿನವರಲ್ಲಿ ಆದಾಯದೊಡನೆ ಸಂತೋಷ ಏರುತ್ತಲೇ ಹೋಗುತ್ತದೆ, ತೀರಾ ಅಸುಖಿಗಳಾದ ಒಂದು ಗುಂಪಿನಲ್ಲಿ ಮಾತ್ರ ಒಂದು ಹಂತದ ನಂತರ ನಿಂತುಬಿಡುತ್ತದೆ. ನನ್ನ ಅನುಭವವೂ ಇದಕ್ಕೆ ದೂರವಲ್ಲ. ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ನೆಮ್ಮದಿ ಕೊಟ್ಟದ್ದೆಂದು ದಾಖಲಾಗಿರುವುದು ಸಾಲದ ಕೊನೆಯ ಕಂತು. ಅದರಿಂದ ಮನೆಗೆ ಏನೂ ಬರಲಿಲ್ಲ. ತಿಂಗಳ ಮೊದಲ ವಾರದಲ್ಲಿ ಮೊಬೈಲ್ ಗುಂಯ್‌ಗುಟ್ಟಿದರೆ ಬೆಚ್ಚುವುದು ನಿಂತಿತು, ಅಷ್ಟೇ. ಎರಡನೆಯ ಸ್ಥಾನ ಆಪತ್ಕಾಲಕ್ಕೆಂದು ತೆಗೆದಿಟ್ಟ ಹಣಕ್ಕೆ. ಇವೆರಡಕ್ಕೂ ಹಣವೇ ಬೇಕಾಯಿತು. ಪಿಂಗಾಣಿಗೆ ಹೋಗುವ ಹಣವನ್ನು ಇತ್ತ ತಿರುಗಿಸಿದ್ದೇ ನಾನು ಮಾಡಿದ ಮುಖ್ಯ ಕೆಲಸ.

ಕೊಳ್ಳುವುದನ್ನು ತಡೆಯುವುದು ಸುಲಭ. ಇರುವುದನ್ನು ಬಿಡುವುದು ಪ್ರಾಣಸಂಕಟ. ಅಟ್ಟದಿಂದ ಇಳಿಸಿದ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಯಾವ ಫೋನಿಗೂ ಹೊಂದದ ಚಾರ್ಜರ್‌ಗಳು, ಸತ್ತ ಗಡಿಯಾರ, ಅವಧಿ ಮುಗಿದ ವಾರಂಟಿ ಕಾರ್ಡುಗಳು, ಬೀಗವಿಲ್ಲದ ಬೀಗದ ಕೈಗಳು. ಒಂದೊಂದನ್ನೂ ಕೈಗೆತ್ತಿಕೊಂಡಾಗ ‘ಯಾವಾಗಲಾದರೂ ಬೇಕಾದೀತು’ ಎಂದೇ ಅನ್ನಿಸುತ್ತಿತ್ತು. ಇದು ನನ್ನೊಬ್ಬನ ಜಿಪುಣತನವಲ್ಲ. 1990ರಲ್ಲಿ ಪ್ರಕಟವಾದ, ಕಾಫಿ ಮಗ್ಗುಗಳ ಮೇಲಿನ ಪ್ರಸಿದ್ಧ ಪ್ರಯೋಗಗಳಲ್ಲಿ ಮಗ್ಗು ಸಿಕ್ಕವರು ಅದನ್ನು ಮಾರಲು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಗಿಂತ ಎರಡು ಪಟ್ಟಿನಷ್ಟಿತ್ತು. ನಮ್ಮದಾದ ಕೂಡಲೇ ವಸ್ತುವಿನ ತೂಕ ಏರುತ್ತದೆ. ನಾನು ಕಂಡುಕೊಂಡ ದಾರಿ, ಪ್ರಶ್ನೆಯನ್ನು ತಿರುಗಿಸುವುದು: ಇದು ನನ್ನ ಬಳಿ ಇಲ್ಲದಿದ್ದರೆ ಇಂದು ಹೋಗಿ ಕೊಳ್ಳುತ್ತಿದ್ದೆನೇ? ಬೀಗದ ಕೈಗಳು ಆ ಪ್ರಶ್ನೆಯ ಮುಂದೆ ಒಂದು ಕ್ಷಣವೂ ನಿಲ್ಲಲಿಲ್ಲ. ಗತಿಸಿದವರ ಕೈಬರಹವಿರುವ ಒಂದು ಡೈರಿಯ ವಿಷಯದಲ್ಲಿ ಪ್ರಶ್ನೆಯೇ ಸೋತಿತು. ಡೈರಿ ಉಳಿಯಿತು, ಉಳಿಯಲೇಬೇಕು.

ಎಲ್ಲವನ್ನೂ ಬಿಟ್ಟು ಬರಿಗೋಡೆಗಳ ನಡುವೆ ಕೂರುವ ಹುಮ್ಮಸ್ಸು ನನಗಿಲ್ಲ. ಈ ವಿಷಯದಲ್ಲಿ ಜೈನರ ವಿವೇಕ ನನಗೆ ಹಿಡಿಸುತ್ತದೆ. ಏನನ್ನೂ ತನ್ನದೆಂದು ಇಟ್ಟುಕೊಳ್ಳದಿರುವ ಅಪರಿಗ್ರಹವನ್ನು ಮುನಿಗಳಿಗೆ ಪೂರ್ಣ ವ್ರತವಾಗಿ ಹೇಳಿ, ಗೃಹಸ್ಥರಿಗೆ ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು, ಎಂದರೆ ಚಿಕ್ಕ ವ್ರತವನ್ನು, ಇಟ್ಟರು. ಅಂದರೆ ಇಷ್ಟೇ ಸಾಕು ಎಂಬ ಗೆರೆಯನ್ನು ಗೃಹಸ್ಥ ತಾನೇ ಎಳೆದುಕೊಳ್ಳಬೇಕು. ನನ್ನ ಗೆರೆ ಒಂದು ಬೀರು: ಬಟ್ಟೆ ಅದರೊಳಗೆ ಹಿಡಿಯುವಷ್ಟೇ, ಹೊಸದು ಬಂದರೆ ಹಳೆಯದೊಂದು ಹೊರಡಬೇಕು.

ಮನೆಯ ಉಳಿದವರ ಮೇಲೆ ಈ ಪುಸ್ತಕವನ್ನು ನಾನು ಹೇರಿಲ್ಲ. ನನ್ನ ಮಿತವ್ಯಯ ಇನ್ನೊಬ್ಬರ ಕಣ್ಣೀರಾದರೆ ಅದು ಯಾವ ಸೀಮೆಯ ನೆಮ್ಮದಿ? ಆದರೂ ಅವರು ಆಗಾಗ ಬಂದು ಇಣುಕುತ್ತಾರೆ. ಸದ್ಯಕ್ಕೆ ಎರಡು ಪುಟಗಳು ತೀರ್ಮಾನಕ್ಕೆ ಕಾದಿವೆ. ಬೆನ್ನಿಗೆ ಆಸರೆ ಕೊಡುವ ಕುರ್ಚಿಗೆ ಎಡಗಡೆಯ ವಾಕ್ಯ ಸರಾಗವಾಗಿ ಬಂತು, ಮುಂದಿನ ತಿಂಗಳು ತರುತ್ತೇನೆ. ಗೋಡೆಯಗಲದ ಟಿವಿಯ ಎಡಭಾಗದಲ್ಲಿ ಮಗಳು ‘ಇದ್ದರೆ ಚೆನ್ನಾಗಿರುತ್ತದೆ’ ಎಂದು ಬರೆದು, ನಾನು ಹೊಡೆದುಹಾಕಿದ ಮೇಲೆ, ಅದರ ಕೆಳಗೆ ಇನ್ನೂ ದಪ್ಪ ಅಕ್ಷರಗಳಲ್ಲಿ ಅದನ್ನೇ ಬರೆದಿದ್ದಾಳೆ.