ಹೆಣ್ಣುಮಕ್ಕಳ ಭೂಹಕ್ಕು: ಸಂಘಟನೆಗಳು ನೀತಿಯನ್ನು ತಿದ್ದಿಸುವ ಬಗೆ

ಭೂಹಕ್ಕಿಗಾಗಿ ದುಡಿಯುವ ಮಹಿಳಾ ಸಂಘಟನೆಯು ಮೊದಲು, ಅನ್ಯಾಯವು ಕಾನೂನಿನ ಯಾವ ಕಲಮಿನಲ್ಲಿ ಅಥವಾ ಕಚೇರಿಯ ಯಾವ ಪದ್ಧತಿಯಲ್ಲಿ ನೆಲೆಸಿದೆ ಎಂಬುದನ್ನು ಗುರುತಿಸಬೇಕು. 'ಮಹಿಳೆಯರಿಗೂ ಭೂಮಿ ಕೊಡಿ' ಎಂಬ ಮನವಿಯನ್ನು ಯಾರೂ ತಿರಸ್ಕರಿಸುವುದಿಲ್ಲ, ಯಾರೂ ಜಾರಿಗೆ ತರುವುದೂ ಇಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 4(2)ನೇ ಕಲಮು ಕೃಷಿ ಹಿಡುವಳಿ ಕುರಿತ ರಾಜ್ಯ ಕಾನೂನುಗಳಿಗೆ ವಿನಾಯಿತಿ ನೀಡಿದ್ದರಿಂದ, ಕೆಲವು ರಾಜ್ಯಗಳಲ್ಲಿ ಹೊಲಗದ್ದೆಗಳು ಗಂಡುಮಕ್ಕಳಿಗೇ ಸೇರುತ್ತಿದ್ದವು. 2004ರ ತಿದ್ದುಪಡಿ ಮಸೂದೆಯೂ ಅದನ್ನು ಮುಟ್ಟಿರಲಿಲ್ಲ. ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲ್ ಅವರೂ ಮಹಿಳಾ ಸಂಘಟನೆಗಳೂ ಆ ಒಂದು ಉಪಕಲಮಿನ ಮೇಲೆಯೇ ಪಟ್ಟು ಹಿಡಿದರು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಅದು ರದ್ದಾಯಿತು. ಆದ್ದರಿಂದ ಯಾವುದೇ ಮಸೂದೆಯು ಸಂಸದೀಯ ಸಮಿತಿಯ ಮುಂದಿರುವಾಗಲೇ, ಬದಲಾಗಬೇಕಾದ ವಾಕ್ಯವನ್ನು ನೀವೇ ಬರೆದು ಸಲ್ಲಿಸಿ.

ಕಾನೂನು ಬದಲಾದ ಮೇಲಿನ ಕೆಲಸವೇ ಹೆಚ್ಚು ಕಷ್ಟದ್ದು. ಕರ್ನಾಟಕದಲ್ಲಿ ತಂದೆ ತೀರಿಕೊಂಡಾಗ ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ವಂಶವೃಕ್ಷ ಬೇಕು. ಮದುವೆಯಾಗಿ ಹೋದ ಮಗಳ ಹೆಸರು ಎಷ್ಟೋ ಸಲ ಅಲ್ಲಿಯೇ ಬಿಟ್ಟುಹೋಗುತ್ತದೆ. ಹೆಸರು ಉಳಿದರೂ, ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟು ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುತ್ತಾರೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಆ ಸಹಿಯನ್ನು ಸ್ವಇಚ್ಛೆಯೆಂದು ಒಪ್ಪಲು ನನಗೆ ಸಾಧ್ಯವಿಲ್ಲ. ಆದ್ದರಿಂದ ಒಂದು ಹೋಬಳಿಯನ್ನು ಆರಿಸಿಕೊಂಡು, ವಂಶವೃಕ್ಷ, ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ) ಮತ್ತು ಪಹಣಿಗಳನ್ನು ಒಟ್ಟಿಗಿಟ್ಟು, ಯಾವ ಹಂತದಲ್ಲಿ ಎಷ್ಟು ಹೆಣ್ಣುಮಕ್ಕಳ ಹೆಸರು ಕಳಚಿತೆಂದು ಪಟ್ಟಿ ಮಾಡಿ. ಪ್ರತಿಗಳು ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಬಾಧಿತರ ಹೆಸರು ಅವರ ಒಪ್ಪಿಗೆಯಿಲ್ಲದೆ ಹೊರಬೀಳಬಾರದು.

ಈ ಪಟ್ಟಿಯನ್ನು ತಹಶೀಲ್ದಾರರಿಗೆ ಮೊದಲು ತೋರಿಸಿ, ಬಳಿಕ ಜಿಲ್ಲಾಧಿಕಾರಿಗೂ ಕಂದಾಯ ಇಲಾಖೆಗೂ ಒಯ್ಯಿರಿ. ಶಾಸನ ತಿದ್ದುಪಡಿಗೆ ವರ್ಷಗಳೇ ಬೇಕಾಗುತ್ತವೆ, ಆದರೆ ವಂಶವೃಕ್ಷದಲ್ಲಿ ಎಲ್ಲ ಹೆಣ್ಣುಮಕ್ಕಳನ್ನೂ ನಮೂದಿಸಿರುವುದನ್ನು ಸ್ಥಳದಲ್ಲೇ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕೆಂಬ ಸುತ್ತೋಲೆಯನ್ನು ಇಲಾಖೆಯೇ ಹೊರಡಿಸಬಹುದು. ಗುಜರಾತಿನಲ್ಲಿ ಮಹಿಳಾ ಭೂ ಒಡೆತನಕ್ಕಾಗಿ ಒಗ್ಗೂಡಿದ ಸಂಸ್ಥೆಗಳು ಗ್ರಾಮದ ಕಂದಾಯ ದಾಖಲೆ ನೋಡಿಕೊಳ್ಳುವ ತಲಾಟಿಗಳಿಗೇ ತರಬೇತಿ ನೀಡಿದವು. ಅಧಿಕಾರಿಯನ್ನು ಎದುರಾಳಿಯಾಗಿ ಮಾತ್ರ ಕಾಣದ ಆ ದಾರಿ ಇಲ್ಲಿಯೂ ಅನುಸರಿಸಲು ಯೋಗ್ಯ. ಸುತ್ತೋಲೆ ಬಂದ ಆರು ತಿಂಗಳಿಗೆ ಅದೇ ಹೋಬಳಿಯ ಹೊಸ ಮ್ಯುಟೇಶನ್‌ಗಳನ್ನು ಪಡೆದು ಹಳೆಯ ಪಟ್ಟಿಯೊಂದಿಗೆ ತಾಳೆ ನೋಡಿ, ವ್ಯತ್ಯಾಸ ಕಾಣದಿದ್ದರೆ ಎರಡನ್ನೂ ನಿಮ್ಮ ಶಾಸಕರಿಗೆ ಕೊಟ್ಟು ಸದನದಲ್ಲಿ ಪ್ರಶ್ನೆ ಕೇಳುವಂತೆ ಒತ್ತಾಯಿಸಿ.