ಮಯಾಮಿ ಬಂದರಿನಿಂದ ಬಾಡಿಗೆ ಕಾರಿನವರೆಗೆ: ಹಡಗಿಳಿದ ಬೆಳಗಿನ ಲೆಕ್ಕಾಚಾರ

ಊರಿನಿಂದ ಅಪ್ಪ ಅಮ್ಮ ಬಂದಾಗ ಮಯಾಮಿಯಿಂದ ಬಹಾಮಾಸ್ ಕಡೆಗೆ ಮೂರ್ನಾಲ್ಕು ದಿನದ ಕ್ರೂಸ್ ಹೋಗಿ, ಹಾಗೇ ಕಾರು ಹಿಡಿದು ಕೀ ವೆಸ್ಟ್‌ಗೋ ಆರ್ಲಾಂಡೋಗೋ ಹೋಗಿಬರುವ ಕನ್ನಡ ಕುಟುಂಬಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಹಡಗಿನ ರೂಮು, ಊಟ, ದ್ವೀಪದ ಸುತ್ತಾಟ ಎಲ್ಲವನ್ನೂ ತಿಂಗಳುಗಟ್ಟಲೆ ಮೊದಲೇ ನೋಡಿಕೊಂಡಿರುತ್ತಾರೆ. ಹಡಗಿಳಿದು ಕಾರಿನ ಕೀಲಿ ಕೈಗೆ ಬರುವವರೆಗಿನ ಎರಡು ಮೂರು ಗಂಟೆಯ ಬಗ್ಗೆ ಮಾತ್ರ ಯೋಚಿಸಿರುವುದಿಲ್ಲ. ಬಾಡಿಗೆ ಕಾರು ಸಿಗುವ ವಿಮಾನ ನಿಲ್ದಾಣ ಬಂದರಿನಿಂದ ದೂರವೇನಲ್ಲ, ಎಂಟೊಂಬತ್ತು ಮೈಲಿ, ಅಂದರೆ 13-14 ಕಿ.ಮೀ. ಸಮಯ ಹೋಗುವುದು ರಸ್ತೆಯಲ್ಲಲ್ಲ, ಸಾಲುಗಳಲ್ಲಿ. ಆ ಸಾಲುಗಳನ್ನು ಲೆಕ್ಕಕ್ಕೆ ಹಿಡಿದೇ ಕಾರು ಬುಕ್ ಮಾಡಬೇಕು.

ಬುಕಿಂಗ್ ಮಾಡುವಾಗ

ಹಡಗು ಬೆಳಗ್ಗೆ 6 ಗಂಟೆಗೆ ದಡ ಸೇರುತ್ತದೆ ಅಂತ 8ಕ್ಕೆ ಕಾರು ಬುಕ್ ಮಾಡಬೇಡಿ. ದಡ ಸೇರುವುದು ಬೇರೆ, ನೀವು ಹೊರಗೆ ಬರುವುದು ಬೇರೆ. ಜನ ಇಳಿಯುವುದು ಸಾಮಾನ್ಯವಾಗಿ 7ರಿಂದ 10ರವರೆಗೂ ನಡೆಯುತ್ತದೆ. ಹಿರಿಯರು, ಮಕ್ಕಳು ಜೊತೆಗಿದ್ದರೆ 11 ಗಂಟೆ ಸರಿಯಾದ ಸಮಯ. ಬಾಡಿಗೆಯ ಒಂದು ದಿನ ಅಂದರೆ ಕಾರು ತೆಗೆದುಕೊಂಡ ಹೊತ್ತಿನಿಂದ 24 ಗಂಟೆ. ಸುಮ್ನೆ ಮೂರು ಗಂಟೆ ಮೊದಲೇ ಬರೆದರೆ ವಾಪಸ್ ಕೊಡುವ ಕೊನೆಯಲ್ಲಿ ಆ ಮೂರು ಗಂಟೆ ಕಳೆದುಕೊಳ್ಳುತ್ತೀರಿ. ಫಾರಂನಲ್ಲಿ ವಿಮಾನದ ನಂಬರ್ ಕೇಳಿದರೆ ಖಾಲಿ ಬಿಡಿ, ನೀವು ಬರುವುದು ಹಡಗಿನಿಂದ.

ಊರೊಳಗಿನ ಬ್ರಾಂಚಿನಲ್ಲಿ ಬಾಡಿಗೆ ಕಡಿಮೆ ಕಾಣುತ್ತದೆ, ನಿಜ. ವಿಮಾನ ನಿಲ್ದಾಣದಲ್ಲಿ ಸೇರಿಸುವ ಹೆಚ್ಚುವರಿ ಶುಲ್ಕ ಅಲ್ಲಿರುವುದಿಲ್ಲ. ಕೆಲವು ಬ್ರಾಂಚುಗಳು ಬಂದರಿಗೆ ವ್ಯಾನ್ ಕೂಡ ಕಳಿಸುತ್ತವೆ. ಆದರೆ ಇಂಥ ಬ್ರಾಂಚುಗಳಲ್ಲಿ ಎಷ್ಟೋ ಶನಿವಾರ ಮಧ್ಯಾಹ್ನವೇ ಬಾಗಿಲು ಹಾಕುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ವಾರಾಂತ್ಯದಲ್ಲಿ ಇಳಿಯುವವರು ವಿಮಾನ ನಿಲ್ದಾಣವನ್ನೇ ನಂಬಿಕೊಳ್ಳುವುದು ಒಳ್ಳೆಯದು. ಹತ್ತು ಡಾಲರ್ ಜಾಸ್ತಿ ಆದರೂ ಪರವಾಗಿಲ್ಲ.

ಇನ್ನು ಹೆಸರು. ನಮ್ಮ ಕರ್ನಾಟಕದವರಿಗೆ ಇದು ದೊಡ್ಡ ತಲೆನೋವು. ಲೈಸೆನ್ಸಿನಲ್ಲಿ ಹೆಸರಿನ ಜೊತೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು ಅಥವಾ ಅಪ್ಪನ ಹೆಸರು, ಕ್ರೆಡಿಟ್ ಕಾರ್ಡಿನಲ್ಲಿ ಇನ್ನೊಂದು ಥರ. ಕೌಂಟರಿನಲ್ಲಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಬುಕಿಂಗ್ ಯಾರ ಹೆಸರಿನಲ್ಲಿದೆಯೋ ಅವರದೇ ಲೈಸೆನ್ಸ್, ಅವರದೇ ಕಾರ್ಡ್ ಇರಬೇಕು. ಭಾರತದ ಲೈಸೆನ್ಸಿನಲ್ಲಿ ಓಡಿಸುವವರು ಹೊರಡುವ ಮೊದಲೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಲೈಸೆನ್ಸ್, ಪರ್ಮಿಟ್ ಎರಡರಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದ್ದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಮೂಲ ಲೈಸೆನ್ಸ್ ಕಾರ್ಡ್ ಮಾತ್ರ ಕೈಯಲ್ಲಿ ಇರಲೇಬೇಕು, ಬರೀ ಪರ್ಮಿಟ್ ಸಾಲದು. ಮೊಬೈಲಿನಲ್ಲಿರುವ ಫೋಟೋ ನಡೆಯುವುದಿಲ್ಲ. ಓಡಿಸುವವರ ವಯಸ್ಸು 25ಕ್ಕಿಂತ ಕಡಿಮೆಯಿದ್ದರೆ ದಿನಕ್ಕಿಷ್ಟು ಅಂತ ಜಾಸ್ತಿ ಹಾಕುತ್ತಾರೆ.

ಕಾರಿನ ಅಳತೆಯನ್ನು ಜನರ ತಲೆ ಎಣಿಸಿ ಆರಿಸಬೇಡಿ, ಸೂಟ್‌ಕೇಸ್ ಎಣಿಸಿ ಆರಿಸಿ. ಐದು ಜನ ಕೂರುವ ಸೆಡಾನಿನ ಡಿಕ್ಕಿಯಲ್ಲಿ ಎರಡು ದೊಡ್ಡ ಸೂಟ್‌ಕೇಸ್, ಒಂದು ಚಿಕ್ಕದು ಕೂತರೆ ಹೆಚ್ಚು. ಊರಿನಿಂದ ಬಂದವರ ಸಾಮಾನಿದ್ದರೆ ಮಿನಿವ್ಯಾನೇ ಸರಿ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಫ್ಲೋರಿಡಾದಲ್ಲಿ ಚೈಲ್ಡ್ ಸೀಟ್ ಕಡ್ಡಾಯ, ಅದನ್ನೂ ಬುಕಿಂಗ್ ಮಾಡುವಾಗಲೇ ಕೇಳಿಬಿಡಿ.

ಹಿಂದಿನ ರಾತ್ರಿ, ಹಡಗಿನಲ್ಲಿ

ಕೊನೆಯ ರಾತ್ರಿ ಎರಡು ದಾರಿ ಇರುತ್ತದೆ. ದೊಡ್ಡ ಸಾಮಾನಿಗೆ ಹಡಗಿನವರು ಕೊಟ್ಟ ಟ್ಯಾಗ್ ಕಟ್ಟಿ ರೂಮಿನ ಹೊರಗಿಟ್ಟರೆ ಬೆಳಗ್ಗೆ ಟರ್ಮಿನಲ್ಲಿನ ಹಾಲ್‌ನಲ್ಲಿ ಸಿಗುತ್ತದೆ. ಇಲ್ಲವೇ ಎಲ್ಲವನ್ನೂ ನೀವೇ ಎಳೆದುಕೊಂಡು ಮೊದಲ ಗುಂಪಿನಲ್ಲಿ ಇಳಿಯಬಹುದು. ಗಟ್ಟಿಮುಟ್ಟಾದವರಿಗೆ ಎರಡನೆಯದು ಬೇಗ ಆಗುತ್ತದೆ. ಅಪ್ಪ ಅಮ್ಮ ಜೊತೆಗಿದ್ದರೆ ಟ್ಯಾಗ್ ಕಟ್ಟಿ ಆರಾಮಾಗಿ ತಿಂಡಿ ಮುಗಿಸಿ. ಪಾಸ್‌ಪೋರ್ಟ್, ಲೈಸೆನ್ಸ್, ಕಾರ್ಡ್, ಮಾತ್ರೆ, ಚಾರ್ಜರ್ ಮಾತ್ರ ಕೈಚೀಲದಲ್ಲೇ ಇರಲಿ, ಹೊರಗಿಟ್ಟ ಸೂಟ್‌ಕೇಸ್ ಬೆಳಗಿನವರೆಗೆ ಕೈಗೆ ಸಿಗುವುದಿಲ್ಲ.

ಅದೇ ರಾತ್ರಿ ಕ್ರೆಡಿಟ್ ಕಾರ್ಡಿನ ಲಿಮಿಟ್ ಒಮ್ಮೆ ನೋಡಿಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಕೌಂಟರಿನಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ. ಹಡಗಿನ ಖರ್ಚಿಗೆ ಅಂತ ಕಂಪನಿ ನಿಮ್ಮ ಕಾರ್ಡಿನಲ್ಲಿ ಒಂದಿಷ್ಟು ಹಣ ಹಿಡಿದಿಟ್ಟಿರುತ್ತದೆ. ಹಡಗಿಳಿದ ತಕ್ಷಣ ಅದು ಬಿಡುಗಡೆ ಆಗುವುದಿಲ್ಲ, ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಕಾರಿನವರು ಬಾಡಿಗೆಯ ಮೇಲೆ ಇನ್ನೊಂದಿಷ್ಟು ಡೆಪಾಸಿಟ್ ಹಿಡಿಯಲು ಹೋದರೆ ಕಾರ್ಡ್ ಡಿಕ್ಲೈನ್. ಹಡಗಿಗೊಂದು ಕಾರ್ಡ್, ಕಾರಿಗೊಂದು ಕಾರ್ಡ್ ಇಟ್ಟುಕೊಂಡರೆ ನೆಮ್ಮದಿ. ಡೆಬಿಟ್ ಕಾರ್ಡಿಗೆ ಷರತ್ತುಗಳು ಜಾಸ್ತಿ, ಅದನ್ನು ನಂಬಿಕೊಂಡು ಹೋಗಬೇಡಿ.

ಬಂದರಿನಿಂದ ಹೊರಕ್ಕೆ

ಹಡಗಿನ ಬಾಗಿಲು ದಾಟಿದ ಮೇಲೆ ಸಾಮಾನು, ಆಮೇಲೆ ಕಸ್ಟಮ್ಸ್. ಅಲ್ಲಿ ಕ್ಯಾಮೆರಾ ಮುಖ ಗುರುತಿಸಿ ಕಳಿಸಿಬಿಡುವುದೂ ಉಂಟು, ಅಧಿಕಾರಿ ನಿಲ್ಲಿಸಿ ಪಾಸ್‌ಪೋರ್ಟ್, ವೀಸಾ ನೋಡುವುದೂ ಉಂಟು. ಹಡಗಿನಲ್ಲಿ ಎತ್ತಿಕೊಂಡ ಬಾಳೆಹಣ್ಣು, ಸೇಬು ಚೀಲದಲ್ಲಿದ್ದರೆ ಇಳಿಯುವ ಮೊದಲೇ ತೆಗೆದುಬಿಡಿ.

ಟರ್ಮಿನಲ್ ಹೊರಗೆ ಟ್ಯಾಕ್ಸಿ ಸಾಲು ಇರುತ್ತದೆ. ಊಬರ್ ಅಥವಾ ಲಿಫ್ಟ್ (Lyft) ಆ್ಯಪ್‌ನಲ್ಲಿ ಕ್ಯಾಬ್ ಕರೆಯುವವರು ಮೊದಲು ಗೋಡೆಯ ಮೇಲೆ ಯಾವ ಅಕ್ಷರವಿದೆ ನೋಡಿ. ಮಯಾಮಿ ಬಂದರಿನಲ್ಲಿ ಟರ್ಮಿನಲ್‌ಗಳಿಗೆ ಎ, ಬಿ, ಎಫ್, ವಿ ಹೀಗೆ ಅಕ್ಷರಗಳ ಹೆಸರಿಟ್ಟಿದ್ದಾರೆ, ಒಂದೊಂದರ ಮುಂದೂ ಬೇರೆ ಬೇರೆ ಪಿಕಪ್ ಜಾಗ. ಒಂದೇ ಬೆಳಗ್ಗೆ ಐದಾರು ಹಡಗಿನ ಜನ ಇಳಿಯುತ್ತಿದ್ದಾಗ ತಪ್ಪು ಟರ್ಮಿನಲ್ ಒತ್ತಿದರೆ ಡ್ರೈವರ್ ಒಂದು ಕಡೆ, ನೀವು ಇನ್ನೊಂದು ಕಡೆ. ಎಲ್ಲ ಸಾಮಾನೂ ಕೈಗೆ ಬಂದು, ಎಲ್ಲರೂ ಹೊರಗೆ ನಿಂತ ಮೇಲೆಯೇ ಕಾರು ಕರೆಯಿರಿ. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಇದ್ದರೆ ದೊಡ್ಡ ಕಾರೇ ಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಇಳಿಯುವ ಜಾಗ ಅಂತ ಬರೀ 'ಏರ್‌ಪೋರ್ಟ್' ಎಂದು ಹಾಕಬೇಡಿ. 'ಮಯಾಮಿ ರೆಂಟಲ್ ಕಾರ್ ಸೆಂಟರ್' ಎಂದು ಹಾಕಿ. ವಿಳಾಸ 3900 ಎನ್‌ಡಬ್ಲ್ಯು 25ನೇ ಸ್ಟ್ರೀಟ್. 2010ರಲ್ಲಿ ತೆರೆದ ಈ ಕಟ್ಟಡ ವಿಮಾನದ ಟರ್ಮಿನಲ್ಲಿನೊಳಗೆ ಇಲ್ಲ, ಒಂದು ಮೈಲಿಗೂ ಆಚೆ ಬೇರೆಯೇ ಇದೆ. ಹೆಚ್ಚಿನ ದೊಡ್ಡ ಕಂಪನಿಗಳೆಲ್ಲ ಇದೊಂದೇ ಸೂರಿನಡಿ ಸಿಗುತ್ತವೆ. ಗೊತ್ತಿಲ್ಲದೆ ಟರ್ಮಿನಲ್ಲಿನಲ್ಲಿ ಇಳಿದರೂ ಗಾಬರಿ ಬೇಡ. ಮೂರನೇ ಲೆವೆಲ್‌ಗೆ ಹೋಗಿ, ಡಾಲ್ಫಿನ್ ಮತ್ತು ಫ್ಲಮಿಂಗೋ ಗ್ಯಾರೇಜುಗಳ ನಡುವಿನ ಸ್ಟೇಷನ್ನಿನಲ್ಲಿ ಎಂಐಎ ಮೂವರ್ ಎಂಬ ವಿಮಾನ ನಿಲ್ದಾಣದ ಪುಟ್ಟ ರೈಲು ಹತ್ತಿದರೆ ಕೆಲವೇ ನಿಮಿಷದಲ್ಲಿ ತಲುಪಿಸುತ್ತದೆ, ದುಡ್ಡಿಲ್ಲ. ಆದರೆ ಮಂಡಿನೋವಿನ ಅಮ್ಮನನ್ನೂ ಅಷ್ಟು ಸಾಮಾನನ್ನೂ ಲಿಫ್ಟ್ ಹತ್ತಿಸಿ ಇಳಿಸುವ ಕಷ್ಟ ಯಾಕೆ, ಅಲ್ವಾ?

ಬಂದರು ಇರುವುದು ದ್ವೀಪದಲ್ಲಿ. ಸೇತುವೆ ದಾಟಿ ಊರೊಳಗಿಂದ ಹೋಗಬಹುದು, ಅಥವಾ 2014ರಲ್ಲಿ ತೆರೆದ ನೀರಿನಡಿಯ ಸುರಂಗದಲ್ಲಿ ಹೋಗಿ ನೇರ ಹೈವೇ ಸೇರಬಹುದು. ಟ್ರಾಫಿಕ್ ನೋಡಿಕೊಂಡು 20ರಿಂದ 40 ನಿಮಿಷ. ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಓಡಾಡುವ ಹುಡುಗರಿಗೆ ಅಗ್ಗದ ದಾರಿಯೂ ಇದೆ. ಗವರ್ನಮೆಂಟ್ ಸೆಂಟರ್ ಸ್ಟೇಷನ್ನಿನವರೆಗೆ ಟ್ಯಾಕ್ಸಿ, ಅಲ್ಲಿಂದ ಮೆಟ್ರೋರೈಲಿನ ಆರೆಂಜ್ ಲೈನ್. ಏರ್‌ಪೋರ್ಟ್ ಸ್ಟೇಷನ್ನಿನ ಪಕ್ಕದಲ್ಲೇ ರೆಂಟಲ್ ಸೆಂಟರ್.

ಕೌಂಟರ್ ಮತ್ತು ಕಾರು

ಕೌಂಟರಿನಲ್ಲಿ ದಣಿದಿರುತ್ತೀರಿ, ಹಿಂದೆ ಸಾಲು ಇರುತ್ತದೆ. ಆಗಲೇ ಇನ್ಶೂರೆನ್ಸ್, ದೊಡ್ಡ ಕಾರು, ಪೆಟ್ರೋಲ್ ಪ್ಯಾಕೇಜ್ ಅಂತ ಒಂದೊಂದೇ ಕೇಳುತ್ತಾರೆ. ಯಾವುದು ಬೇಕು ಎಂದು ಮನೆಯಲ್ಲೇ ತೀರ್ಮಾನಿಸಿರಿ. ಕಾರಿಗೆ ಆದ ಹಾನಿಯ ಕವರ್ ಬೇರೆ, ನೀವು ಬೇರೆಯವರಿಗೆ ಮಾಡಿದ ಹಾನಿಯ ಕವರ್ ಬೇರೆ. ಅಮೆರಿಕದಲ್ಲಿ ಸ್ವಂತ ಕಾರಿನ ಪಾಲಿಸಿ ಇಲ್ಲದವರು ಎರಡನೆಯದನ್ನು ಬಿಡಬಾರದು, ಅಲ್ಲಿನ ಆಸ್ಪತ್ರೆ ಬಿಲ್ಲು ಸಣ್ಣದಲ್ಲ. ಪೆಟ್ರೋಲ್ ಪ್ಯಾಕೇಜ್ ಬೇಡ, ತುಂಬಿಸಿ ವಾಪಸ್ ಕೊಡಿ.

ಟೋಲ್ ಬಗ್ಗೆ ಬಾಯಿ ಬಿಟ್ಟು ಕೇಳಿ. ಮಯಾಮಿ ಸುತ್ತಲಿನ 836, 112 ರಸ್ತೆಗಳಲ್ಲೂ ದಕ್ಷಿಣಕ್ಕೆ ಹೋಗುವ ಟರ್ನ್‌ಪೈಕ್ ಎಂಬ ಟೋಲ್ ಹೈವೇಯಲ್ಲೂ ನಗದು ಕೊಡುವ ಬೂತೇ ಇಲ್ಲ. ನಂಬರ್ ಪ್ಲೇಟಿನ ಫೋಟೋ ತೆಗೆದು ಬಿಲ್ಲನ್ನು ಕಾರಿನ ಕಂಪನಿಗೆ ಕಳಿಸುತ್ತಾರೆ. ಎಷ್ಟೋ ಕಂಪನಿಗಳು ಟೋಲ್ ಜೊತೆಗೆ ದಿನದ ಸೇವಾ ಶುಲ್ಕವನ್ನೂ ಸೇರಿಸುತ್ತವೆ. ದಿನಕ್ಕೆಷ್ಟು, ಬಳಸಿದ ದಿನಕ್ಕೆ ಮಾತ್ರವೋ ಇಡೀ ಬಾಡಿಗೆ ಅವಧಿಗೋ ಕೇಳಿ ತಿಳಿದುಕೊಳ್ಳಿ. ಬೇಡವೆಂದರೆ ಮ್ಯಾಪಿನಲ್ಲಿ ಟೋಲ್ ರಸ್ತೆ ತಪ್ಪಿಸುವ ಆಯ್ಕೆ ಒತ್ತಿ.

ಗ್ಯಾರೇಜಿನಿಂದ ಹೊರಡುವ ಮೊದಲು ಕಾರಿನ ಸುತ್ತ ಒಂದು ವಿಡಿಯೋ, ಪೆಟ್ರೋಲ್ ಮುಳ್ಳಿನ ಒಂದು ಫೋಟೋ. ಎಡಗಡೆ ಸ್ಟಿಯರಿಂಗ್ ಹೊಸದಾದವರು ಗ್ಯಾರೇಜಿನಲ್ಲೇ ಸೀಟು, ಕನ್ನಡಿ, ವೈಪರ್ ಎಲ್ಲಾ ನೋಡಿಕೊಳ್ಳಿ. ಕೆಂಪು ದೀಪವಿದ್ದರೂ ಪೂರ್ತಿ ನಿಲ್ಲಿಸಿ, ನೋಡಿಕೊಂಡು ಬಲಕ್ಕೆ ತಿರುಗಬಹುದು, ಬೇಡ ಎಂಬ ಬೋರ್ಡ್ ಇಲ್ಲದಿದ್ದರೆ ಮಾತ್ರ. ಕೀ ವೆಸ್ಟ್‌ಗೆ ಅಲ್ಲಿಂದ ಸುಮಾರು 160 ಮೈಲಿ, ಬಹುಪಾಲು ಒಂದೇ ರಸ್ತೆ, ನಾಲ್ಕು ಗಂಟೆ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಐದೂವರೆಗೇ ಸೂರ್ಯ ಮುಳುಗುತ್ತಾನೆ. ಆ ದಾರಿಯಲ್ಲಿ ಸಮುದ್ರದ ಮೇಲೆ ಹಾಯುವ ಸೆವೆನ್ ಮೈಲ್ ಬ್ರಿಡ್ಜನ್ನು ಅಪ್ಪ ಅಮ್ಮನಿಗೆ ಬೆಳಕಿನಲ್ಲಿ ತೋರಿಸಬೇಕಾದರೆ ಮಧ್ಯಾಹ್ನ 12ರೊಳಗೆ ಹೊರಡಿ, ಊಟ ದಾರಿಯಲ್ಲಿ ಮಾಡಿ.